ಏಳನೆಯ ಸ್ಪೀಕರ್

ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ ಪಾದರಕ್ಷೆ ಮಳಿಗೆಯ ಯಜಮಾನರು ಠಾಣೆಗೆ ಬಂದು ದೂರು ಬರೆದುಕೊಟ್ಟರು. ಬೆಳಿಗ್ಗೆ ಮಳಿಗೆಯ ಆಂಪ್ಲಿಫೈಯರ್ ಹೊತ್ತಿಕೊಂಡು, ಅದನ್ನಿಟ್ಟಿದ್ದ ಮರದ ಕಪಾಟು ಉರಿದು, ಪಕ್ಕದಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದ ಹೆಂಗಸಿನ ಎರಡೂ ಕೈ ಸುಟ್ಟಿದ್ದವು. ದೇವರ ದಯೆಯಿಂದ ಕಣ್ಣು ಉಳಿದಿದ್ದವು. ಸೀಲಿಂಗಿಗೆ ಸ್ಪೀಕರ್ ಜೋಡಿಸಿದ ವೈರಿಂಗಿನವನೇ ಕಾರಣ ಎಂದು ದೂರು. ಎಫ್‌ಐಆರ್ ದಾಖಲಾಯಿತು. ಒಂದೂವರೆಗೆ ಅವನನ್ನು ಕರೆತಂದರು.

"ಎಂಟು ಸ್ಪೀಕರಿಗೆ ಒಂದೇ ಆಂಪ್ಲಿಫೈಯರಾ?" ಇನ್‌ಸ್ಪೆಕ್ಟರ್ ಕೇಳಿದರು.

"ದೊಡ್ಡದು ತಗೊಳ್ಳಿ ಅಂದೆ ಸಾರ್. ಹಾಸಿಗೆ ಇದ್ದಷ್ಟೇ ಕಾಲು ಚಾಚೋದು ಅಂದ್ರು ಯಜಮಾನ್ರು. ಅದಕ್ಕೇ ಎರಡೆರಡು ಒಂದರ ಹಿಂದೊಂದು ಕಟ್ಟಿ ನಾಲ್ಕು ಜೋಡಿ ಮಾಡ್ದೆ. ಅಷ್ಟು ಹೊರೆ ತಡ್ಕೊಳ್ಳುತ್ತೆ. ಒಂದನ್ನ ತಪ್ಪಿಸಿದ್ರೂ ಕಾದುಹೋಗುತ್ತೆ."

"ತಪ್ಪಿಸಿದ್ದು ಯಾರು?"

"ನಾನಲ್ಲ ಸಾರ್! ಒಳಗೆ ಹಾಕಿದ್ರಿ ಅಂದ್ರೆ ನಾಳೆಯಿಂದ ಯಾರೂ ನನ್ನ ಏಣಿ ಹತ್ತಿಸಲ್ಲ."

ಅವನ ಮುಂದಿಟ್ಟ ನೀರಿನ ಲೋಟ ತುಂಬಿದಂತೆಯೇ ಇತ್ತು.

ಎರಡೂ ನಲವತ್ತಕ್ಕೆ ಮಳಿಗೆಯಲ್ಲಿ ಪಂಚನಾಮೆ. ಪಂಚರ ಎದುರಿಗೆ ಸೀಲಿಂಗಿನ ಹಲಗೆ ಬಿಚ್ಚಿದರು. ಏಳನೆಯ ಸ್ಪೀಕರಿನ ಎರಡು ತುದಿಗಳನ್ನು ಗೇಣುದ್ದದ ತಂತಿಯೊಂದು ಸೇರಿಸಿತ್ತು. ಹೀಗಾಗಿ ಏಳನೆಯದು ಮೂಕವಾಗಿ, ಅದರ ಜೊತೆಯ ಎಂಟನೆಯದು ಜೋರಾಗಿ, ಹೆಚ್ಚಿನ ಹೊರೆ ಆಂಪ್ಲಿಫೈಯರಿನ ಮೇಲೆ ಬಿದ್ದಿತ್ತು. ತಂತಿಗೆ ಹಾಕಿದ್ದ ಸೀಸದ ಬೆಸುಗೆ ಅಚ್ಚುಕಟ್ಟಾಗಿತ್ತು.

"ನಾನು ಸ್ಕ್ರೂ ಬಿಗಿಯೋನು ಸಾರ್," ಎಂದ ವೈರಿಂಗಿನವನು. "ಇಷ್ಟು ಚೆಂದ ಬೆಸೆಯೋ ತಾಳ್ಮೆ ನನಗೆಲ್ಲಿ?"

ಎಂಟನೆಯದು ಇದ್ದದ್ದು ಮಕ್ಕಳ ಬೂಟಿನ ವಿಭಾಗದ ಮೇಲೆ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಒಬ್ಬರೇ ಕೆಲಸಗಾರರು. ಕಾಲು ನೋಡಿಯೇ ಸೈಜು ಹೇಳುವುದರಿಂದ ಎಲ್ಲರಿಗೂ ಅವರು ಅಳತೆಯಜ್ಜ. ಬೆನ್ನು ತಿರುಗಿಸಿ ಲೇಸು ಪೋಣಿಸುತ್ತಿದ್ದರು.

"ಅಜ್ಜಾ, ಈ ಸ್ಪೀಕರ್ ಜೋರಿತ್ತಾ?" ಇನ್‌ಸ್ಪೆಕ್ಟರ್ ಹಿಂದೆ ನಿಂತು ಕೇಳಿದರು.

ಅಜ್ಜ ಲೇಸಿನ ತುದಿ ಎಳೆದು ಬಿಗಿದರು.

"ಪೊಲೀಸ್ನೋರಂದ್ರೆ ಲೆಕ್ಕಕ್ಕೇ ಇಲ್ವೇನಜ್ಜ?" ಎಂದ ಮುಖ್ಯಪೇದೆ.

ಲೇಸು ಮುಂದಿನ ತೂತಿಗೆ ಹೋಯಿತು. ಇನ್‌ಸ್ಪೆಕ್ಟರ್ ಕೈಸನ್ನೆಯಿಂದ ಮುಖ್ಯಪೇದೆಯನ್ನು ಸುಮ್ಮನಾಗಿಸಿ, ಸುತ್ತಿ ಬಂದು ಅಜ್ಜನ ಎದುರಿಗೆ ಕುಳಿತರು. ಅಜ್ಜನ ಕಣ್ಣು ಅವರ ತುಟಿಯ ಮೇಲೆ ನೆಟ್ಟಿತು.

"ಇಲ್ಲಿಗೆ ಬರೋಕ್ಮುಂಚೆ ಏನ್ ಕೆಲಸ?"

"ರೇಡಿಯೋ ರಿಪೇರಿ." ಅಜ್ಜ ಬೂಟನ್ನು ಕೆಳಗಿಟ್ಟರು. "ಕೌಂಟರಿಂದ ಮೈಕಲ್ಲಿ ಕರೆಯೋದು ಕೇಳಿಸ್ತಿರಲಿಲ್ಲ ಸ್ವಾಮಿ. ಎರಡು ಸಲ ಬೈಸ್ಕೊಂಡೆ. ಮೂರನೇ ಸಲ ಮನೆಗೆ ಕಳಿಸ್ತಾರಲ್ಲ, ಅದೇ ಹೆದರಿಕೆ. ನಿನ್ನೆ ಅಂಗಡಿ ರಜ, ಸ್ಟಾಕ್ ಜೋಡಿಸೋಕೆ ಬಂದಾಗ ಏಣಿ ಹತ್ತಿದೆ. ಸುಡುತ್ತೆ ಅಂತ ನನಗೆ ತೋಚಬೇಕಿತ್ತು." ಆಮೇಲೆ ಕೇಳಿದರು: "ಆಯಮ್ಮ ತುಂಬಾ ಕೂಗ್ಕೊಂಡಳಂತೆ, ಹೌದಾ? ನಾನು ಹತ್ತೇ ಹೆಜ್ಜೆ ದೂರದಲ್ಲಿದ್ದೆ."

ವೈರಿಂಗಿನವನನ್ನು ಬಿಟ್ಟು ಕಳಿಸಿದರು. ಐದೂ ಹತ್ತಕ್ಕೆ ಅಳತೆಯಜ್ಜನ ಬಂಧನ. ಕಾರಣವನ್ನು ಆರೋಪಿಗೆ ಓದಿ ಹೇಳಬೇಕೆಂಬುದು ನಿಯಮ. ಓದಿದ್ದರೆ ಅಂಗಡಿಗೆಲ್ಲ ಕೇಳುವಂತೆ ಕೂಗಬೇಕಾಗುತ್ತಿತ್ತು. ಇನ್‌ಸ್ಪೆಕ್ಟರ್ ಕಾಗದವನ್ನೇ ಅವರ ಕೈಗೆ ಕೊಟ್ಟು, ಓದಿ ಮುಗಿಸುವವರೆಗೂ ಪಕ್ಕದಲ್ಲಿ ನಿಂತರು.