ಒಂದು ವಾರ ಮುಂದೂಡಿ

"ಒತ್ತಬೇಡಿ!"

ಅವಳ ಬೆರಳು ಇನ್ನೇನು ಗುಂಡಿಯ ಮೇಲೆ ಬೀಳಬೇಕು... ಅಷ್ಟರಲ್ಲಿ ಯಾರದೋ ಅಂಗೈ ಕೀಬೋರ್ಡನ್ನೇ ಮುಚ್ಚಿಬಿಟ್ಟಿತು!

ಮೆಟ್ಟಿಲು ಹತ್ತಿ ಓಡಿಬಂದವನ ಏದುಸಿರು ಅವಳ ಕೆನ್ನೆಗೆ ತಾಗುತ್ತಿತ್ತು.

"ಯಾರ್ರೀ ನೀವು? ಕೈ ತೆಗೀರಿ!"

"ಗೂಬೆ."

ಗೂಬೆ! ಎರಡು ವರ್ಷದಿಂದ ಪರದೆಯ ಮೇಲೆ ಮಾತುಮಾತಿಗೂ ಕಾಲು ಕೆರೆದು ಜಗಳಕ್ಕೆ ಬರುತ್ತಿದ್ದ ಅಡ್ಡಹೆಸರು. ಯಾರೋ ಸಿಡುಕು ಮುದುಕನಿರಬೇಕು ಅಂದುಕೊಂಡಿದ್ದಳು. ಇವನೋ... ಕಣ್ಣಲ್ಲೇ ನಗುತ್ತಾನೆ!

ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ ತಂತ್ರಾಂಶ ಅದು. ಯಾರೊಬ್ಬರ ಸ್ವತ್ತೂ ಅಲ್ಲ; ಯಾರು ಬೇಕಾದರೂ ತಿದ್ದಬಹುದು, ಪುಕ್ಕಟೆ ಬಳಸಬಹುದು. ಎಲ್ಲೆಲ್ಲೋ ಕೂತವರು ಬರೆದದ್ದನ್ನು ಒಟ್ಟುಗೂಡಿಸಿ ಬಿಡುಗಡೆ ಮಾಡುವ ಹೊಣೆ ಅವಳದು. ಇವತ್ತು ಹೊಸ ಆವೃತ್ತಿಯ ಬಿಡುಗಡೆ. ಅದರಲ್ಲಿ ಅವನು ಬರೆದ ಭಾಗ ಮಾತ್ರ ಇರಲಿಲ್ಲ.

"ಒಂದು ವಾರ ಮುಂದೂಡಿ. ನಡುವೆ ಫೋನ್ ಬಂದ್ರೆ ನಮ್ಮಕ್ಕ ಕೇಳ್ತಿರೋ ಪತ್ತೇದಾರಿ ಕಥೆ ಮತ್ತೆ ಮೊದಲಿಂದ ಶುರುವಾಗುತ್ತೆ. ಕೊಲೆ ಮಾಡಿದ್ದು ಯಾರು ಅಂತ ಪಾಪ ಅವಳಿಗೆ ಇನ್ನೂ ಗೊತ್ತಿಲ್ಲ! ನಿಲ್ಲಿಸಿದ ಜಾಗ ನೆನಪಿಟ್ಟುಕೊಳ್ಳೋ ಹಾಗೆ ಬರೆದೆ. ನೀವು ಬರೆದಿದ್ದೇನು? 'ಸದ್ಯಕ್ಕೆ ಬೇಡ.' ಅಷ್ಟೇ! ನನ್ನ ಕಂಡ್ರೆ ಅಷ್ಟೊಂದು ಉರೀನಾ?"

ಉರಿ! ಹಾಗಾದರೆ ದಿನಾ ಇವನ ಸಾಲುಗಳಿಗಾಗಿ ಕಾದು ಕೂರುವವಳು ಯಾರು...

"ಹಳೇ ಫೋನಲ್ಲಿ ಹಾಕಿ ನೋಡಿದ್ರಾ?" ಮೆಲ್ಲಗೆ ಕೇಳಿದಳು.

"ಇಲ್ಲ... ಅಕ್ಕಂದು ಹೊಸದು."

"ನಮ್ಮ ಸೋದರತ್ತೇದು ಹಳೇದು. ನಿಮ್ಮ ಭಾಗ ಹಾಕಿದೆ. ಅವರು ಅದರಲ್ಲಿ ಕೂಡಿಟ್ಟ ಪುಸ್ತಕ ಒಂದೂ ಉಳೀಲಿಲ್ಲ, ಎಲ್ಲಾ ಅಳಿಸಿಹೋಯ್ತು. ಈಗ ನನ್ನ ಹತ್ರ ಮಾತೇ ಬಿಟ್ಟಿದಾರೆ."

ಅವನ ಕೈ ತಾನಾಗಿ ಕೆಳಗಿಳಿಯಿತು.

"ಅದನ್ನ... ಬರೀಬಹುದಿತ್ತಲ್ಲ?"

"ಅಲ್ಲಿ ಬರೆದಿದ್ದನ್ನ ಲೋಕವೆಲ್ಲ ಓದುತ್ತೆ. ಯಾರಾದ್ರೂ ನಿಮ್ಮನ್ನ ಆಡಿಕೊಂಡ್ರೆ... ನನಗೆ ತಡೆಯೋಕಾಗ್ತಿರಲಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅವನು ಅವಳನ್ನೇ ನೋಡಿದ. ಕಿವಿ ಕೆಂಪಾಗಿದ್ದದ್ದು ಅವನದು!

"ಒಂದು ವಾರ ಕೊಟ್ರೆ ಸರಿ ಮಾಡ್ತೀನಿ..."

"ಈಗ ಜನರ ಹತ್ರ ಇರೋ ಹಳೇ ಆವೃತ್ತಿ ಪಾಠದ ನಡುವೆ ಬಾಯಿ ಮುಚ್ಚಿಕೊಂಡು ಕೂತುಬಿಡುತ್ತೆ. ಹೊಸದರಲ್ಲಿ ಅದು ಸರಿಹೋಗಿದೆ. ಮಕ್ಕಳಿಗೆ ಪರೀಕ್ಷೆ ಹತ್ರ ಬಂತು. ನಿಮ್ಮಕ್ಕನ ಕೊಲೆಗಾರ ಎಲ್ಲೂ ಓಡಿಹೋಗಲ್ಲ ಕಣ್ರೀ!"

ಅವನಿಗೆ ನಗು ತಡೆಯಲಾಗಲಿಲ್ಲ.

"ಅಕ್ಕನಿಗೆ ನಾನು ಹೇಳ್ತೀನಿ. ಒತ್ತಿ."

ಒತ್ತಿದಳು! ಬಿಡುಗಡೆಯಾಯಿತೆಂದು ಪರದೆ ಹಸಿರಾಯಿತು. ಇಬ್ಬರೂ ಒಟ್ಟಿಗೆ ಕೂಗಿದರು. ಕೂಗು ನಿಂತಾಗ ಅವಳ ಕೈ ಅವನ ಕೈಯಲ್ಲಿತ್ತು... ಯಾರು ಯಾರದನ್ನು ಹಿಡಿದದ್ದು? ದೇವರಿಗೇ ಗೊತ್ತು!

"ಜಗಳಕ್ಕೇ ಅಂತ ಎರಡು ವರ್ಷ ಬರೀತಿದ್ದೆ ಅಂದ್ಕೊಂಡ್ರಾ?" ಅವನ ದನಿ ತಗ್ಗಿತ್ತು.

ಇವನು ಇಲ್ಲೇ ಉಳಿದರೆ... ಕೇಳಲೇ? ಧೈರ್ಯ ಸಾಲಲಿಲ್ಲ.

"ಮುಂದಿನ ಬಿಡುಗಡೆಗೆ ನಿಮ್ಮ ಭಾಗ ಬರಲೇಬೇಕು. ಮೊದಲಿನ ಹಾಗೆ ನಿಮ್ಮೂರಿಂದಲೇ ಬರೆದು ಕಳಿಸಿ. ಬಸ್ ನಿಲ್ದಾಣದವರೆಗೆ ನಾನೇ ಬಿಟ್ಟು ಬರ್ತೀನಿ, ಬನ್ನಿ."

ಅವನು ಪಕ್ಕದ ಕುರ್ಚಿ ಎಳೆದುಕೊಂಡು ಭದ್ರವಾಗಿ ಕೂತ.

"ಆಗಲ್ಲ. ನಾನು ಹೋಗಲ್ಲ."