ಗಾಜಿನೊಳಗಿನ ಗಿಳಿ

“ನಾನು ಅಲ್ಲಾಡ್ಲಿಲ್ಲ!”

“ಹಾಗಾದ್ರೆ ಗಿಳಿಯ ಹಸಿರು ಎಲ್ಲಿಗೆ ಹಾರಿಹೋಯ್ತು, ಮಿಡತೆ?” ಚಿಕ್ಕಪ್ಪ ಗಾಜನ್ನು ದೀಪಕ್ಕೆ ಹಿಡಿದರು.

ಹುಡುಗಿ ನೋಡಿದಳು. ತಿಳಿಯಾದ ಗಾಜು. ಅದರೊಳಗೆ ಕೆಂಪು ಕೊಕ್ಕು, ನೀಲಿ ಬಾಲ ತೇಲುತ್ತಿದ್ದವು. ಮೈ ಇರಬೇಕಾದಲ್ಲಿ ಚಿಕ್ಕಪ್ಪನ ಅಂಗಿಯ ಗುಂಡಿ ಕಾಣುತ್ತಿತ್ತು.

ಚಿಕ್ಕಮ್ಮ ಹೊಲೊಗ್ರಾಮ್, ಅಂದರೆ ಗಾಜಿನೊಳಗೆ ವಸ್ತುವೇ ಕೂತಂತೆ ಕಾಣುವ ಚಿತ್ರ, ಮಾಡುವವರು. ಕತ್ತಲೆ ಕೋಣೆಯಲ್ಲಿ ಮರದ ಗಿಳಿಯ ಎದುರು ಗಾಜಿನ ಪ್ಲೇಟ್ ಇಟ್ಟು ಲೇಸರ್ ಬೆಳಕು ಬಿಡುತ್ತಾರೆ. ಮೊದಲು ಕೆಂಪು, ಆಮೇಲೆ ನೀಲಿ, ಕೊನೆಗೆ ಹಸಿರು. ಆಗ ಏನೂ ಅಲುಗಬಾರದು. ನೋಡುವವರು ಕೂತ ಬೆಂಚು ನಡುಗಿದರೆ ನೆಲ ನಡುಗುತ್ತದೆ, ನೆಲ ನಡುಗಿದರೆ ಗಿಳಿ ಇಟ್ಟ ಮೇಜು. ಅಷ್ಟು ಸಾಕು, ಆ ಬಣ್ಣ ಗಾಜಿನಲ್ಲಿ ಕೂರುವುದೇ ಇಲ್ಲ.

“ಕೂತಲ್ಲಿ ಕೂರೋಳಲ್ಲ ಇವಳು,” ಎಂದರು ಚಿಕ್ಕಪ್ಪ. “ಇನ್ನೊಂದೇ ಪ್ಲೇಟ್ ಉಳಿದಿದೆ. ಹೊರಗಿರ್ಲಿ.”

“ಹೋಗಲ್ಲ! ನಾನು ಹೊರಗಿದ್ದಾಗ ಗಿಳಿ ಸರಿಯಾಗಿ ಬಂದ್ರೆ, ತಪ್ಪು ನಂದೇ ಅಂತೀರಿ. ನಾನು ಇರುವಾಗ್ಲೇ ಮಾಡಿ.”

“ಕೆಟ್ರೆ?” ಚಿಕ್ಕಮ್ಮ ಕೇಳಿದರು.

“ಕೆಟ್ರೆ ಈ ಕೋಣೆಗೆ ಮತ್ತೆ ಬರಲ್ಲ.” ಹುಡುಗಿ ಹೇಳಿಯೇಬಿಟ್ಟಳು. ಅವಳಿಗೆ ಮನೆಯಲ್ಲೆಲ್ಲ ಇಷ್ಟವಾದ ಜಾಗವೇ ಅದು.

“ಬಾಯಿ ನೋಡು! ಸರಿ, ಕೂತ್ಕೋ,” ಎಂದರು ಚಿಕ್ಕಪ್ಪ.

ದೀಪ ಆರಿತು. ಚಿಕ್ಕಪ್ಪ ಮೊದಲಿನ ಹಾಗೆಯೇ ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತರು. ಕೆಂಪು ಮುಗಿಯಿತು. ನೀಲಿಯೂ ಮುಗಿಯಿತು. ಹಸಿರು ಬಿಡುವ ಮುಂಚೆ ಎಲ್ಲ ಸ್ತಬ್ಧವಾಗಲೆಂದು ಚಿಕ್ಕಮ್ಮ ಕಾದರು.

ಬೆಂಚು ನಡುಗುತ್ತಿತ್ತು.

ಹುಡುಗಿ ಉಸಿರು ಬಿಗಿಹಿಡಿದಳು. ಆದರೂ ನಡುಗುತ್ತಿತ್ತು! ಕತ್ತಲಲ್ಲೇ ಕೈ ಚಾಚಿದಳು. ಚಿಕ್ಕಪ್ಪನ ಮೊಣಕಾಲು ಹೊಲಿಗೆ ಮೆಷಿನ್ನಿನ ಹಾಗೆ ಕುಣಿಯುತ್ತಿತ್ತು.

‘ಸಿಕ್ಕಿಬಿದ್ರಿ!’ ಎಂಬ ಕೂಗು ನಾಲಿಗೆಯ ತುದಿಗೆ ಬಂತು. ಕೂಗಿದರೆ ಹಸಿರು ಮತ್ತೆ ಹೋದ ಹಾಗೆಯೇ. ಅವಳು ಆ ಮೊಣಕಾಲನ್ನು ಅಂಗೈಯಿಂದ ಒತ್ತಿ ಹಿಡಿದಳು. ಅದು ಗಪ್ಪನೆ ನಿಂತಿತು. ಹಸಿರು ಬೆಳಕು ಹರಿಯಿತು.

ತೊಳೆದು ಒಣಗಿಸಿದ ಗಾಜಿನಲ್ಲಿ ಈಗ ಇಡೀ ಗಿಳಿ ಕೂತಿತ್ತು. ಅದರ ಹಸಿರು ರೆಕ್ಕೆಯ ಮೂಲಕ ಚಿಕ್ಕಪ್ಪನ ಮುಖ ಕಂಡಿತು. ಅವರು ತಮ್ಮ ಮೊಣಕಾಲನ್ನೇ ನೋಡುತ್ತಿದ್ದರು, ಅದು ಯಾರದೋ ಎನ್ನುವ ಹಾಗೆ.

“ಹಾಗೆ ನೋಡ್ಬೇಡ ಕಣೇ, ಮಿಡತೆ.”

“ನಾನೇನಾದ್ರೂ ಅಂದ್ನಾ?”

ಅವರು ಸುಳ್ಳು ಹೇಳಿರಲಿಲ್ಲ. ಕಾಲು ಕುಣಿಯುವುದು ಅವರಿಗೇ ಗೊತ್ತಿರಲಿಲ್ಲ.

ಹುಡುಗಿ ಮೆಲ್ಲಗೆ ತನ್ನ ಕಾಲುಗಳತ್ತ ಬಗ್ಗಿ ನೋಡಿದಳು. ಬೆಂಚಿನ ಕೆಳಗೆ ಅವೆರಡೂ ಜೋರಾಗಿ ತೂಗಾಡುತ್ತಿದ್ದವು.

ಈಗ ಲೇಸರ್ ಆರಿದೆಯಲ್ಲ. ತೂಗಾಡಲಿ ಎಂದು ಬಿಟ್ಟಳು.