ದೆವ್ವ ಕ್ಷಮಿಸಿದ ಮೂರನೇ ಭಾಗ

ನಾನು ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸುವವನು. ಕತೆ ಕಟ್ಟಲು ಬರುವುದಿಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ಸೇಡಿನ ದೆವ್ವದ ಚಿತ್ರದ ಮೂರೂ ಭಾಗಗಳು ನಮ್ಮಲ್ಲೇ ಓಡಿದವು. ಎರಡನೆಯದೇ ಮೇಲು ಎಂದು ನನ್ನ ವಾದ. ಅದರಲ್ಲಿ ದೆವ್ವ ಒಬ್ಬರನ್ನೂ ಬಿಡುವುದಿಲ್ಲ. ನಮ್ಮ ಮುದುಕ ಗೇಟ್‌ಕೀಪರಿಗೆ ಮೂರನೆಯದು ಇಷ್ಟ. ಅದರಲ್ಲಿ ದೆವ್ವವಾದ ಹೆಂಗಸು ತನ್ನನ್ನು ಕೊಂದವನನ್ನೇ ಕ್ಷಮಿಸುತ್ತಾಳೆ.

"ಸೇಡು ಬಿಟ್ಟ ಮೇಲೆ ಅದೆಂಥಾ ದೆವ್ವ ಅಜ್ಜಾ?" ಎಂದೆ.

"ಎರಡನೇದು ಬರೀ ಕಿರುಚಾಟ ಕಣೋ, ನಿನ್ನ ಹಾಗೆ," ಎಂದ.

ಟಿಕೆಟ್ ಸಾಲಿನವರೆಲ್ಲ ನಕ್ಕರು. ನನ್ನ ಪಿತ್ತ ನೆತ್ತಿಗೇರಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅಪ್ಪನ ವಯಸ್ಸಿನವನ ಕೆನ್ನೆಗೆ ಎಲ್ಲರೆದುರೇ ಬಾರಿಸಿದೆ. ಅವನು ಟಾರ್ಚ್ ಕೆಳಗಿಟ್ಟು ಹೋದ. ನಾಳೆ ಕ್ಷಮೆ ಕೇಳೋಣ, ನಾಳೆ ಕೇಳೋಣ ಎಂದುಕೊಂಡೆ. ಒಂಬತ್ತನೇ ದಿನ ತೀರಿಹೋದ.

ಮರುದಿನ ಮಧ್ಯಾಹ್ನ ಮೂರನೇ ಭಾಗದ ಆಟವಿತ್ತು. ಯಂತ್ರದ ಬಿಸಿಗೆ ಸದಾ ಬೇಯುವ ಕೋಣೆಯಲ್ಲಿ ನನ್ನ ಬಲಗೈ ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಕೊಂದವನನ್ನು ಕ್ಷಮಿಸುವ ಕೊನೆಯ ದೃಶ್ಯದಲ್ಲಿ ದೆವ್ವದ ತುಟಿ ಅಲುಗಿತು, ಮಾತು ಬರಲಿಲ್ಲ. ಧ್ವನಿ ಕೆಟ್ಟಿತೆಂದು ಕೆಳಗೆ ಓಡಿದೆ. ಬಾಗಿಲ ಬಳಿ ಕೂತಿದ್ದ ಹೆಂಗಸು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಏನಮ್ಮಾ, ಮಾತು ಕೇಳಿಸ್ತಾ?"

"ಕೇಳಿಸದೆ ಏನು? 'ಹೋಗು, ಬಿಟ್ಟಿದ್ದೀನಿ' ಅಂದಳಲ್ಲ!"

ಆಮೇಲೆ ಅದೇ ಭಾಗವನ್ನು ಇನ್ನೂ ನಲವತ್ತು ಆಟ ಓಡಿಸಿದೆ. ಆ ಮಾತು ನನಗೊಬ್ಬನಿಗೆ ಒಮ್ಮೆಯೂ ಕೇಳಿಸಲಿಲ್ಲ.